ಟೆಕ್ಸಸ್ ನಂಬರಿನ ಆರ್32 ಜಿಟಿ-ಆರ್‌ಗೆ ಕ್ಯಾಲಿಫೋರ್ನಿಯಾ ನಂಬರ್ ಸಿಗುತ್ತಾ?

ಹಳೇ_ಹುಚ್ಚ · 16 ಫೆಬ್ರವರಿ 2025

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಡಲ್ಲಾಸ್‌ನಲ್ಲಿ ಒಂದು ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ತಗೊಂಡೆ. ಆರ್32, 1991ರ ಗಾಡಿ, ಜಪಾನಿನಿಂದ ಬಂದದ್ದು. ಸ್ಟಿಯರಿಂಗ್ ಬಲಗಡೆ ಇರೋದ್ರಿಂದ ಮೊದಲ ದಿನ ಕೂತಾಗ ಊರಿಗೇ ಬಂದ ಹಾಗಿತ್ತು. ಹೆಂಡತಿಗೆ ಮಾತ್ರ ಡ್ರೈವ್-ಥ್ರೂ ಕಿಟಕಿಗೆ ಕೈ ಚಾಚಿ ಚಾಚಿ ಸಾಕಾಗಿದೆ.

ಈಗ ಕೆಲಸ ಸ್ಯಾನ್ ಹೋಸೆಗೆ ವರ್ಗ ಆಗಿದೆ, ಮೇ ತಿಂಗಳಲ್ಲಿ ಹೊರಡಬೇಕು. ನನ್ನ ಹತ್ತಿರ ಟೆಕ್ಸಸ್ ಟೈಟಲ್ (ಮಾಲೀಕತ್ವದ ಕಾಗದ) ಇದೆ, ಕಸ್ಟಮ್ಸ್ ಕಾಗದ ಇದೆ, ಇಪಿಎ (ಕೇಂದ್ರದ ಪರಿಸರ ಸಂಸ್ಥೆ) ಫಾರಂ ಇದೆ. ಟೆಕ್ಸಸ್‌ನಲ್ಲಿ 24 ವರ್ಷ ದಾಟಿದ ಗಾಡಿಗೆ ಹೊಗೆ ಪರೀಕ್ಷೆಯೇ ಇಲ್ಲ, ಹಾಗಾಗಿ ಆ ಕಡೆ ಗಮನ ಕೊಟ್ಟವನಲ್ಲ. ಕ್ಯಾಲಿಫೋರ್ನಿಯಾಕ್ಕೆ 7,500 ಮೈಲಿಗಿಂತ ಹೆಚ್ಚು ಓಡಿದ ಗಾಡಿ ತರಬಹುದು ಅಂತ ಓದಿದೆ. ನಂದು 61,000 ಕಿಲೋಮೀಟರ್ ಓಡಿದೆ. ಅಂದ್ರೆ ಒಂದು ಸ್ಮಾಗ್ ಟೆಸ್ಟ್ (ಅಲ್ಲಿನ ಹೊಗೆ ಪರೀಕ್ಷೆ) ಮಾಡಿಸಿ ಡಿಎಂವಿಗೆ, ಅಂದ್ರೆ ಅಲ್ಲಿನ ಆರ್‌ಟಿಒಗೆ, ಹೋದ್ರೆ ಆಯ್ತಲ್ವಾ?

ಫ್ರೀಮಾಂಟ್_ಗೌಡ · 16 ಫೆಬ್ರವರಿ

ಅಷ್ಟು ಸುಲಭ ಆಗಿದ್ರೆ ಇಲ್ಲಿ ಗಲ್ಲಿಗೊಂದು ಜಿಟಿ-ಆರ್ ಇರ್ತಿತ್ತು ಗುರು. ಬಾನೆಟ್ ಎತ್ತಿ ನೋಡು. ಇಂಗ್ಲಿಷ್‌ನಲ್ಲಿ ‘ವೆಹಿಕಲ್ ಎಮಿಷನ್ ಕಂಟ್ರೋಲ್ ಇನ್ಫರ್ಮೇಷನ್’ ಅಂತ ಒಂದು ಸ್ಟಿಕರ್ ಇದ್ಯಾ?

ಹಳೇ_ಹುಚ್ಚ · 16 ಫೆಬ್ರವರಿ

ಏನೋ ಒಂದು ಸ್ಟಿಕರ್ ಇದೆ, ಪೂರ್ತಿ ಜಪಾನೀಸ್. ಫೋನ್ ಹಿಡಿದು ಅನುವಾದ ಮಾಡಿಸಿದೆ, ಏರ್ ಕಂಡಿಷನರ್ ಅನಿಲದ ಬಗ್ಗೆಯಂತೆ.

ಸ್ಪ್ಯಾನರ್_ಶೆಟ್ರು · 17 ಫೆಬ್ರವರಿ

ಮಾರಾಯ್ರೆ, ನೀವು ಮೂರು ಬೇರೆ ಬೇರೆ ಕಾನೂನನ್ನು ಒಂದೇ ಪಾತ್ರೆಗೆ ಹಾಕಿ ಕದಡಿದ್ದೀರಿ. ಒಂದೊಂದೇ ತೆಗೆದು ಹೇಳ್ತೇನೆ.

ಮೊದಲನೆಯದು 25 ವರ್ಷದ ನಿಯಮ. ಅದು ಎನ್‌ಎಚ್‌ಟಿಎಸ್‌ಎ ಎಂಬ ಕೇಂದ್ರದ ಸುರಕ್ಷತಾ ಸಂಸ್ಥೆಯದ್ದು. ಬಂಪರು, ಸೀಟ್ ಬೆಲ್ಟು, ದೀಪ ಇವೆಲ್ಲ ಅಮೆರಿಕದ ಅಳತೆಗೆ ಇರಬೇಕು ಎಂಬುದಕ್ಕೆ ತಯಾರಾಗಿ 25 ವರ್ಷ ಆದ ಗಾಡಿಗೆ ವಿನಾಯಿತಿ. ಎರಡನೆಯದು ಇಪಿಎಯವರದ್ದು, ಕೇಂದ್ರದ ಹೊಗೆ ನಿಯಮ. 21 ವರ್ಷ ದಾಟಿ, ಎಂಜಿನ್ ಮೂಲದಂತೆಯೇ ಇದ್ದರೆ ಬಿಡ್ತಾರೆ. ನಿಮ್ಮ ಗಾಡಿ ಈ ಎರಡೂ ಬಾಗಿಲು ದಾಟಿದೆ, ಅದಕ್ಕೇ ಬಂದರಿನಿಂದ ಹೊರಗೆ ಬಂತು.

ಮೂರನೆಯದು ಕ್ಯಾಲಿಫೋರ್ನಿಯಾದ್ದು. ಇಲ್ಲಿ ಕಾರ್ಬ್, ಅಂದ್ರೆ ಏರ್ ರಿಸೋರ್ಸಸ್ ಬೋರ್ಡ್, ಕೇಂದ್ರದ ವಿನಾಯಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಮಾರುಕಟ್ಟೆಗೆಂದು ತಯಾರಾಗದ ಗಾಡಿಗೆ ಇವರು ‘ಡೈರೆಕ್ಟ್ ಇಂಪೋರ್ಟ್’ ಅಂತಾರೆ. 1975 ಮತ್ತು ಅದಕ್ಕಿಂತ ಹಿಂದಿನ ಮಾಡೆಲ್ ಆದರೆ ಚಿಂತೆ ಇಲ್ಲ. 1976 ಮತ್ತು ಅದರ ನಂತರದ್ದಾದರೆ ಕಾರ್ಬ್ ಒಪ್ಪಿದ ಲ್ಯಾಬಿಗೆ ಹೋಗಿ, ಬೇಕಾದ ಬದಲಾವಣೆ ಮಾಡಿಸಿ, ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತರಬೇಕು. ಇನ್ನೊಂದು ರಾಜ್ಯದ ಟೈಟಲ್ ಇದ್ದ ಮಾತ್ರಕ್ಕೆ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇನ್ನು ಆ 7,500 ಮೈಲಿ. ಅದು ಇಪಿಎ ಪ್ರಮಾಣಪತ್ರ ಇರುವ, ಅಮೆರಿಕದಲ್ಲೇ ಮಾರಾಟವಾದ, ಆದರೆ ಕ್ಯಾಲಿಫೋರ್ನಿಯಾ ಪ್ರಮಾಣಪತ್ರ ಇಲ್ಲದ ಗಾಡಿಗಳ ಮಾತು. ಅಂಥದ್ದು 7,500 ಮೈಲಿ ಓಡಿದ್ದರೆ ‘ಹಳೇ ಗಾಡಿ’ ಅಂತ ಒಳಗೆ ಬಿಡ್ತಾರೆ. ನಿಮ್ಮದಕ್ಕೆ ಆ ಲೆಕ್ಕ ಅನ್ವಯಿಸುವುದೇ ಇಲ್ಲ. ಈ ಒಂದು ಗೊಂದಲದಿಂದ ಎಷ್ಟು ಜನ ಗಾಡಿ ತಂದು ಗ್ಯಾರೇಜಿನಲ್ಲಿ ಮುಚ್ಚಿಟ್ಟಿದ್ದಾರೆ ಅಂತ ನಾನು ಬಲ್ಲೆ, ಅದರಲ್ಲಿ ನಮ್ಮ ಭಾವನೂ ಒಬ್ಬ.

ಧಾರವಾಡ_ಡ್ರಿಫ್ಟ್ · 17 ಫೆಬ್ರವರಿ

ಇಷ್ಟ ಯಾಕ ತಲಿ ಕೆಡಿಸ್ಕೋತೀರಿ? ಮೊಂಟಾನಾದಾಗ ಒಂದು ಎಲ್‌ಎಲ್‌ಸಿ ತೆಗೀರಿ, ಆ ಕಂಪನಿ ಹೆಸರಿಗೆ ಗಾಡಿ ಹಚ್ಚರಿ, ಮೊಂಟಾನಾ ಪ್ಲೇಟ್ ಹಾಕ್ಕೊಂಡು ಓಡಾಡ್ರಿ. ಸೇಲ್ಸ್ ಟ್ಯಾಕ್ಸೂ ಇಲ್ಲ, ಹೊಗಿ ಪರೀಕ್ಷಾನೂ ಇಲ್ಲ. ನಮ್ಮ ಆಫೀಸಿನ್ಯಾಗ ಇಬ್ರು ಹಂಗ ಮಾಡ್ಯಾರ.

ಫ್ರೀಮಾಂಟ್_ಗೌಡ · 17 ಫೆಬ್ರವರಿ

ಮಾಡಿರೋರು ಇದ್ದಾರೆ, ಸಿಕ್ಕಿಹಾಕಿಕೊಂಡೋರೂ ಇದ್ದಾರೆ. ಇಲ್ಲಿ ಕೆಲಸ, ಇಲ್ಲಿ ಮನೆ, ಮಕ್ಕಳ ಸ್ಕೂಲು ಇಲ್ಲಿ ಅಂದ್ರೆ ನೀನು ಇಲ್ಲಿನ ನಿವಾಸಿ. ನಿವಾಸಿಯಾದ 20 ದಿನದಲ್ಲಿ ಗಾಡಿ ಇಲ್ಲಿ ನೋಂದಣಿ ಆಗ್ಬೇಕು. ಹೊರರಾಜ್ಯದ ಪ್ಲೇಟಿನಲ್ಲಿ ದಿನಾ ಓಡಾಡೋರ ಮೇಲೆ ಅಕ್ಕಪಕ್ಕದವರೇ ದೂರು ಕೊಡಲಿ ಅಂತ ಹೈವೇ ಪೆಟ್ರೋಲ್‌ನವರು ಒಂದು ಯೋಜನೆ ಇಟ್ಟಿದ್ದಾರೆ, ಅದರ ಹೆಸರೇ ‘ಚೀಟರ್ಸ್’. ಬೆಳಿಗ್ಗೆ ಆರು ಗಂಟೆಗೆ ಆರ್‌ಬಿ26 ಎಂಜಿನ್ ಸ್ಟಾರ್ಟ್ ಮಾಡೋ ಮನುಷ್ಯನ ಮೇಲೆ ಪಕ್ಕದ ಮನೆಯವರಿಗೆ ಪ್ರೀತಿ ಎಷ್ಟಿರುತ್ತೆ, ನೀನೇ ಹೇಳು.

ಇನ್ಶೂರೆನ್ಸ್ ಇನ್ನೂ ದೊಡ್ಡ ತಲೆನೋವು. ಗಾಡಿ ಮೊಂಟಾನಾದಲ್ಲಿ ನಿಲ್ಲುತ್ತೆ ಅಂತ ಬರೆದುಕೊಟ್ಟು ಸ್ಯಾನ್ ಹೋಸೆಯಲ್ಲಿ ಗುದ್ದಿಸಿಕೊಂಡರೆ, ಕ್ಲೇಮ್ ಮಾಡೋ ದಿನ ಯಾವ ಮುಖ ತೋರಿಸ್ತೀಯ?

ಧಾರವಾಡ_ಡ್ರಿಫ್ಟ್ · 17 ಫೆಬ್ರವರಿ

ನಾ ಹೇಳಿದ್ದು ದಾರಿ ಐತಿ ಅಂತಷ್ಟ. ಹೋಗ್ರಿ ಅಂತ ದುಂಬಾಲ ಬಿದ್ದಿಲ್ಲ. ಆದ್ರ ಒಂದು ಮಾತು ಹೇಳ್ರಿ. ವರ್ಷಕ್ಕ ಎರಡು ಸಾವಿರ ಮೈಲಿ ಓಡೂ ಗಾಡಿ ಹೊಗಿ ಬಿಟ್ರ ಕ್ಯಾಲಿಫೋರ್ನಿಯಾ ಮುಳಗತದೇನು? ಪಕ್ಕದ ನೆವಾಡಾದಾಗ ಹಿಂಗ ಇಲ್ಲ, ಅರಿಝೋನಾದಾಗ ಇಲ್ಲ. ಇದು ಶುದ್ಧ ದಬ್ಬಾಳಿಕಿ.

ಕೋಲ್ಡ್‌ಸ್ಟಾರ್ಟ್_ಕಾವ್ಯ · 18 ಫೆಬ್ರವರಿ

ದಬ್ಬಾಳಿಕೆ ಅನ್ನೋ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1940ರ ದಶಕದಲ್ಲೇ ಲಾಸ್ ಏಂಜಲೀಸ್‌ನಲ್ಲಿ ಮಧ್ಯಾಹ್ನ ಕಣ್ಣು ಉರಿಯುವಷ್ಟು ಹೊಗೆಮಂಜು. ಅದು ಕಾರ್ಖಾನೆ ಹೊಗೆಯಷ್ಟೇ ಅಲ್ಲ, ಗಾಡಿಗಳಿಂದ ಹೊರಬೀಳುವ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತಿದೆ ಎಂದು ತೋರಿಸಿದವರು ಕ್ಯಾಲ್‌ಟೆಕ್‌ನ ಹಾಗನ್-ಸ್ಮಿಟ್. 1967ರಲ್ಲಿ ಕಾರ್ಬ್ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷರು. ಆ ಕಾನೂನಿಗೆ ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ಕೇಂದ್ರಕ್ಕಿಂತ ಮೊದಲೇ ನಿಯಮ ಮಾಡಿದ್ದ ಕಾರಣಕ್ಕೆ, ಕೇಂದ್ರದ ಕ್ಲೀನ್ ಏರ್ ಆಕ್ಟ್‌ನಲ್ಲಿ ಸ್ವಂತ ಮಿತಿ ಹಾಕಿಕೊಳ್ಳುವ ಅವಕಾಶ ಈ ಒಂದೇ ರಾಜ್ಯಕ್ಕಿದೆ. ಬೇರೆ ರಾಜ್ಯಗಳು ಬೇಕಾದರೆ ಕ್ಯಾಲಿಫೋರ್ನಿಯಾದ್ದನ್ನು ಹಾಗೇ ತೆಗೆದುಕೊಳ್ಳಬಹುದು, ತಮ್ಮದೇ ಮೂರನೆಯದೊಂದನ್ನು ಮಾಡುವ ಹಾಗಿಲ್ಲ.

ಒಂದು ಗಾಡಿಯಿಂದ ರಾಜ್ಯ ಮುಳುಗಲ್ಲ, ಒಪ್ಪಿದೆ. ನನಗೂ ಈ ಡೈರೆಕ್ಟ್ ಇಂಪೋರ್ಟ್ ನಿಯಮ ಅತಿಯಾಯ್ತು ಅನ್ನಿಸುತ್ತೆ. ಆದರೆ ಅದನ್ನು ಬೈಯ್ಯೋದು ಬೇರೆ, ಮೇ ತಿಂಗಳಲ್ಲಿ ಇವರ ಗಾಡಿ ಎಲ್ಲಿ ನಿಲ್ಲಬೇಕು ಅನ್ನೋದು ಬೇರೆ.

ಹಳೇ ಹುಚ್ಚರೇ, ಹೊಗೆ ಪರೀಕ್ಷೆಯೇ ನನ್ನ ಕೆಲಸ, ಹಾಗಾಗಿ ಲ್ಯಾಬಿನಲ್ಲಿ ಏನಾಗುತ್ತೆ ಅಂತ ಹೇಳಬಲ್ಲೆ. ಮೂಲೆ ಅಂಗಡಿಯ ಸ್ಮಾಗ್ ಟೆಸ್ಟಿಗೂ ಇದಕ್ಕೂ ಆಕಾಶ ಭೂಮಿಯ ಅಂತರ. ಅಂಗಡಿಯವರು ಬಿಸಿಯಾದ ಎಂಜಿನ್ನಿನ ಹೊಗೆ ನೋಡ್ತಾರೆ. ಲ್ಯಾಬಿನವರು ಗಾಡಿಯನ್ನು ಕನಿಷ್ಠ 12 ಗಂಟೆ 20ರಿಂದ 30 ಡಿಗ್ರಿ ಕೋಣೆಯಲ್ಲಿ ತಣ್ಣಗೆ ಮಲಗಿಸಿ, ತಳ್ಳಿಕೊಂಡು ಹೋಗಿ ರೋಲರ್ ಮೇಲೆ ನಿಲ್ಲಿಸಿ, ಆಮೇಲೆ ಸ್ಟಾರ್ಟ್ ಮಾಡ್ತಾರೆ. ಹೊಗೆಯನ್ನು ಚೀಲಗಳಲ್ಲಿ ಹಿಡೀತಾರೆ. ಮೊದಲ 505 ಸೆಕೆಂಡಿನದ್ದು ಒಂದು ಚೀಲ, ನಂತರದ ನಿಧಾನ ಓಟದ್ದು ಎರಡನೆಯದು. ಹತ್ತು ನಿಮಿಷ ಎಂಜಿನ್ ನಿಲ್ಲಿಸಿ, ಬಿಸಿಯಲ್ಲೇ ಮತ್ತೆ ಅದೇ 505 ಸೆಕೆಂಡ್ ಓಡಿಸಿ ಹಿಡಿದದ್ದು ಮೂರನೆಯದು. ಒಟ್ಟು ಸುಮಾರು 11 ಮೈಲಿ, ಸರಾಸರಿ ವೇಗ ಗಂಟೆಗೆ 21 ಮೈಲಿ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿದವರಿಗೆ ಆ ವೇಗ ಐಷಾರಾಮ.

ಹೆಚ್ಚಿನ ಹಳೇ ಸ್ಪೋರ್ಟ್ಸ್ ಕಾರುಗಳು ಕಾಲು ಜಾರೋದು ಮೊದಲ ಚೀಲದಲ್ಲಿ. ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ 250–300 ಡಿಗ್ರಿ ಮುಟ್ಟುವವರೆಗೆ ಅದು ಬರೀ ಒಂದು ಲೋಹದ ಡಬ್ಬಿ. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಹೆಚ್ಚು ಬೇಕು, ಸುಡದ ಪೆಟ್ರೋಲ್ ನೇರ ಹೊರಗೆ. ನಿಮ್ಮ ಆರ್‌ಬಿ26ಕ್ಕೆ ಎರಡು ಟರ್ಬೋ. ಎಕ್ಸಾಸ್ಟ್‌ನ ಬಿಸಿಯನ್ನು ಮೊದಲು ಅವೆರಡೂ ಕುಡೀತಾವೆ, ಉಳಿದದ್ದು ಕನ್ವರ್ಟರಿಗೆ. ಅಂದ್ರೆ ಅದು ಇನ್ನೂ ತಡವಾಗಿ ಎದ್ದೇಳುತ್ತೆ. ಹೊಸ ಕನ್ವರ್ಟರ್, ಹೊಸ ಆಕ್ಸಿಜನ್ ಸೆನ್ಸರ್, ಸೋರದ ಇಂಜೆಕ್ಟರ್, ಇವು ಮೂರು ಇಲ್ಲದೆ ಹೋಗೋದೇ ಬೇಡ.

ಮಿತಿಯ ಅಂದಾಜಿಗೆ ಹೇಳೋದಾದರೆ, 1981ರ ಕೇಂದ್ರದ ಮಿತಿ ಮೈಲಿಗೆ 0.41 ಗ್ರಾಂ ಹೈಡ್ರೋಕಾರ್ಬನ್, 3.4 ಗ್ರಾಂ ಕಾರ್ಬನ್ ಮೊನಾಕ್ಸೈಡ್, 1.0 ಗ್ರಾಂ ನೈಟ್ರೋಜನ್ ಆಕ್ಸೈಡ್. ನೈಟ್ರೋಜನ್ ಆಕ್ಸೈಡ್ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಇದಕ್ಕಿಂತ ಬಿಗಿ. ಇಲ್ಲೇ ಇರೋದು ಕಷ್ಟ. ಮಿಶ್ರಣ ಸ್ವಲ್ಪ ತೆಳು ಮಾಡಿದ್ರೆ ಮೊದಲೆರಡು ಇಳೀತಾವೆ, ಮೂರನೆಯದು ಏರುತ್ತೆ. ದಪ್ಪ ಮಾಡಿದ್ರೆ ಉಲ್ಟಾ. ಗಾಳಿ 14.7 ಪಾಲು, ಪೆಟ್ರೋಲ್ ಒಂದು ಪಾಲು, ಆ ಕಿರಿದಾದ ಗೆರೆಯ ಮೇಲೆ ಎಂಜಿನ್ ನಿಂತರೆ ಮಾತ್ರ ಕನ್ವರ್ಟರ್ ಮೂರನ್ನೂ ನುಂಗುತ್ತೆ.

ಹಳೇ_ಹುಚ್ಚ · 18 ಫೆಬ್ರವರಿ

ಓದಿ ತಲೆ ಗಿರ್ ಅಂತು. ಇನ್ನೊಂದು ಕೆಟ್ಟ ಸುದ್ದಿ: ಹಿಂದಿನ ಮಾಲೀಕ ಕನ್ವರ್ಟರ್ ಕಿತ್ತು ನೇರ ಪೈಪ್ ಹಾಕಿದ್ದಾನೆ. ಟರ್ಬೋ ಒತ್ತಡ ಏರಿಸುವ ಬೂಸ್ಟ್ ಕಂಟ್ರೋಲರ್ ಕೂಡ ಇದೆ.

ಸ್ಪ್ಯಾನರ್_ಶೆಟ್ರು · 18 ಫೆಬ್ರವರಿ

ಎಲ್ಲವನ್ನೂ ಕಳಚಿ ಮೂಲಕ್ಕೆ ತನ್ನಿ. ಹೊರಗಿನ ಭಾಗ ಹಾಕಬೇಕಾದರೆ ಅದಕ್ಕೆ ಕಾರ್ಬ್‌ನ ಇಒ ನಂಬರ್ (ಅನುಮತಿ ಸಂಖ್ಯೆ) ಇರಬೇಕು, ಮತ್ತು ಆ ನಂಬರ್ ನಿಮ್ಮ ಮಾಡೆಲಿಗೇ ಹೊಂದಬೇಕು. ಅಮೆರಿಕದಲ್ಲಿ ಮಾರಾಟವೇ ಆಗದ ಗಾಡಿಗೆ ಅಂಥ ಭಾಗ ಯಾರು ಮಾಡಿಡ್ತಾರೆ?

ಇನ್ನೊಂದು ದಾರಿಯೂ ಉಂಟು, ಬೇಸರ ಮಾಡ್ಕೊಳ್ಳಬೇಡಿ. ಇದನ್ನು ಟೆಕ್ಸಸ್‌ನಲ್ಲೇ ಮಾರಿ, ಅದೇ ಕಾಲದ, ಅಮೆರಿಕದಲ್ಲೇ ಮಾರಾಟವಾದ ಗಾಡಿ ತಗೊಳ್ಳಿ. ಮಾಜ್ದಾ ಆರ್‌ಎಕ್ಸ್-7, ಟೊಯೋಟಾ ಸುಪ್ರಾ, ನಿಸ್ಸಾನ್‌ನದ್ದೇ 300ಝಡ್‌ಎಕ್ಸ್, ಅಕ್ಯುರಾ ಎನ್‌ಎಸ್‌ಎಕ್ಸ್. ಅಮೆರಿಕದ ಹೊಗೆ ನಿಯಮಕ್ಕೆ ತಯಾರಾದದ್ದು ಅಂತ ಹೇಳುವ, ಗೌಡ್ರು ಕೇಳಿದ ಆ ಸ್ಟಿಕರ್ ಇವುಗಳ ಬಾನೆಟ್ ಅಡಿ ಉಂಟು. ಎರಡು ವರ್ಷಕ್ಕೊಮ್ಮೆ ಸ್ಮಾಗ್ ಮಾಡಿಸಿ ಹಾಯಾಗಿರಬಹುದು. ಸ್ಟಿಯರಿಂಗ್ ಎಡಗಡೆ ಇರ್ತದೆ, ಹೆಂಡತಿಗೂ ಸಂತೋಷ.

ಹಳೇ_ಹುಚ್ಚ · 19 ಫೆಬ್ರವರಿ

ಹೆಂಡತಿಗೆ ಈ ಸಂದೇಶ ತೋರಿಸೋ ಧೈರ್ಯ ನನಗಿಲ್ಲ ಶೆಟ್ರೇ.

ನಿನ್ನೆ ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ಲ್ಯಾಬಿಗೆ ಫೋನ್ ಮಾಡಿದೆ. ಅವರು ಹೇಳಿದ ಮೊತ್ತ ಗಾಡಿ ಬೆಲೆಯ ಕಾಲು ಭಾಗಕ್ಕೆ ಹತ್ತಿರ. ಪಾಸಾಗೋ ಭರವಸೆ ಕೊಡಲ್ಲ, ಮೊದಲ ಸಲ ಆಗದಿದ್ದರೆ ಮರುಪರೀಕ್ಷೆಗೆ ಬೇರೆ ದುಡ್ಡು. ಆದರೆ ಆರ್32 ಮುಂಚೆ ಮಾಡಿದ ಅನುಭವ ಇದೆಯಂತೆ. ಎರಡು ದಿನ ಯೋಚಿಸ್ತೀನಿ.

ನೀಲಿ_ನಂಬರ್‌ಪ್ಲೇಟ್ · 2 ಮಾರ್ಚ್

ಮಧ್ಯೆ ಬಾಯಿ ಹಾಕ್ತಿದ್ದೀನಿ. ತೆರಿಗೆ ಬಗ್ಗೆ ಯಾರೂ ಹೇಳಿಲ್ಲ. ಬೇರೆ ರಾಜ್ಯದಲ್ಲಿ ಕೊಂಡ ಗಾಡಿಯನ್ನು 12 ತಿಂಗಳೊಳಗೆ ಇಲ್ಲಿಗೆ ತಂದರೆ ಯೂಸ್ ಟ್ಯಾಕ್ಸ್ (ಹೊರಗೆ ಕೊಂಡು ಇಲ್ಲಿ ಬಳಸೋದಕ್ಕೆ ಹಾಕುವ ತೆರಿಗೆ) ಬೀಳುವ ಸಾಧ್ಯತೆ ಹೆಚ್ಚು, ಅಲ್ಲಿ ಕಟ್ಟಿದ್ದನ್ನು ಕಳೆದು. ನೀವು ಎರಡು ವರ್ಷ ಅಲ್ಲೇ ಓಡಿಸಿದ್ದೀರಿ, ಆ ಕಾಗದ ಜೋಪಾನ. ಬೆಂಗಳೂರಿಗೆ ಪುಣೆ ಗಾಡಿ ತಂದು ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ಹಳೇದನ್ನು ವಾಪಸ್ ಪಡೆಯಲು ಅಲೆದವನು ನಾನು. ಕಾಗದದ ಬೆಲೆ ಗೊತ್ತು.

ಹಳೇ_ಹುಚ್ಚ · 9 ಜುಲೈ

ಬಹಳ ದಿನ ಆಯ್ತು. ಗಾಡಿ ಮಾರಲಿಲ್ಲ. ಡಲ್ಲಾಸ್‌ನಲ್ಲೇ ಪೈಪ್, ಬೂಸ್ಟ್ ಕಂಟ್ರೋಲರ್ ಎಲ್ಲ ಬಿಚ್ಚಿ ಮೂಲ ಭಾಗ ಹುಡುಕಿ ಹಾಕಿಸಿದೆ. ಕಿತ್ತು ಎಸೆದ ಡಬ್ಬಿಯನ್ನು ಜಪಾನಿನಿಂದ ದುಡ್ಡು ಕೊಟ್ಟು ತರಿಸೋವಾಗ ಹೊಟ್ಟೆ ಉರಿದುಹೋಯ್ತು. ಟ್ರಕ್ ಮೇಲೆ ಗಾಡಿ ನೇರ ಲ್ಯಾಬಿಗೆ ಹೋಯ್ತು, ಸ್ಯಾನ್ ಹೋಸೆಯ ರಸ್ತೆ ಇನ್ನೂ ನೋಡಿಲ್ಲ.

ಹೊಗೆ ಪರೀಕ್ಷೆಗೆ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟ್ ಕಳಚಿ ಹಿಂದಿನ ಚಕ್ರದ ಮೇಲಷ್ಟೇ ಓಡಿಸಿದರು. ಕಾವ್ಯ ಅವರು ಹೇಳಿದ್ದೇ ಆಯ್ತು. ಎರಡನೇ, ಮೂರನೇ ಚೀಲ ಚೆನ್ನಾಗಿದ್ವು, ಮೊದಲನೆಯದರಲ್ಲಿ ಹೈಡ್ರೋಕಾರ್ಬನ್ ಜಾಸ್ತಿ ಬಂದು ಒಟ್ಟು ಲೆಕ್ಕ ಕೆಡ್ತು. ಒಂದು ಇಂಜೆಕ್ಟರ್ ರಾತ್ರಿಯಿಡೀ ಸಣ್ಣಗೆ ಸೋರುತ್ತಿತ್ತಂತೆ. ಅದನ್ನು ಬದಲಿಸಿ, ಇನ್ನೊಂದು ಕನ್ವರ್ಟರನ್ನು ಟರ್ಬೋಗಳಿಗೆ ಹತ್ತಿರ ಕೂರಿಸಿ ಮತ್ತೆ ಓಡಿಸಿದ ಮೇಲೆ ಪಾಸು.

ಆದರೆ ನನ್ನನ್ನು ಅಳಿಸಿದ್ದು ಇದಲ್ಲ. ಆವಿ ಪರೀಕ್ಷೆ ಅಂತ ಒಂದಿದೆ, ನನಗೆ ಗೊತ್ತೇ ಇರಲಿಲ್ಲ. ಗಾಡಿಯನ್ನು ಎಂಜಿನ್ ಆಫ್ ಮಾಡಿ ಒಂದು ಮುಚ್ಚಿದ ಕೋಣೆಯೊಳಗೆ ನಿಲ್ಲಿಸ್ತಾರೆ. ಟ್ಯಾಂಕಿನ ಪೆಟ್ರೋಲ್ ಬಿಸಿ ಮಾಡ್ತಾರೆ. ಆ ಕೋಣೆಯ ಗಾಳಿಗೆ ಎಷ್ಟು ಆವಿ ಸೇರಿತು ಅಂತ ಅಳೀತಾರೆ, ಮಿತಿ 2 ಗ್ರಾಂ. ಸುಮ್ಮನೆ ನಿಂತಿರೋ ಗಾಡಿ ಫೇಲ್! ಮೂರು ಗ್ರಾಂ ದಾಟಿತ್ತು.

ಕೋಲ್ಡ್‌ಸ್ಟಾರ್ಟ್_ಕಾವ್ಯ · 9 ಜುಲೈ

ಶೆಡ್ ಟೆಸ್ಟ್! ನಾನೇ ಹೇಳೋದು ಮರೆತೆ, ಕ್ಷಮಿಸಿ. 34 ವರ್ಷದ ರಬ್ಬರ್ ಹೋಸ್‌ನಿಂದ ಪೆಟ್ರೋಲ್ ಬೆವರಿನ ಹಾಗೆ ಹೊರಬರುತ್ತೆ. ಟ್ಯಾಂಕಿನಿಂದ, ಆವಿ ಹೀರುವ ಇದ್ದಿಲ ಡಬ್ಬಿಗೆ ಹೋಗುವ ಹೋಸ್ ನೋಡಿಸಿದ್ರಾ? ಮತ್ತೆ ಒಂದು ವಿಚಿತ್ರ ಪ್ರಶ್ನೆ: ಗಾಡಿ ಕಳಿಸೋ ಮುಂಚೆ ಪಾಲಿಶ್ ಗೀಲಿಶ್ ಮಾಡಿಸಿದ್ರಾ?

ಹಳೇ_ಹುಚ್ಚ · 9 ಜುಲೈ

ನಿಮಗೆ ಹೇಗೆ ಗೊತ್ತಾಯ್ತು? ಲ್ಯಾಬಿನವರು ಫೋಟೋ ತೆಗೀತಾರೆ ಅಂತ ವ್ಯಾಕ್ಸ್, ಟೈರ್ ಪಾಲಿಶ್, ಡ್ಯಾಶ್‌ಬೋರ್ಡಿಗೆ ಘಮಘಮ ಸ್ಪ್ರೇ ಎಲ್ಲ ಮಾಡಿಸಿ ಕಳಿಸಿದ್ದೆ. ಹೆಣ್ಣು ನೋಡೋ ಶಾಸ್ತ್ರಕ್ಕೆ ಸಿಂಗಾರ ಮಾಡಿದ ಹಾಗೆ.

ಕೋಲ್ಡ್‌ಸ್ಟಾರ್ಟ್_ಕಾವ್ಯ · 9 ಜುಲೈ

ಆ ಕೋಣೆಯ ಯಂತ್ರಕ್ಕೆ ಪೆಟ್ರೋಲ್ ಆವಿ ಯಾವುದು, ವ್ಯಾಕ್ಸ್ ಆವಿ ಯಾವುದು ಅನ್ನೋ ಭೇದ ಇಲ್ಲ. ಎಲ್ಲವೂ ಹೈಡ್ರೋಕಾರ್ಬನ್. ಹೊಸ ಟೈರ್, ಗಾಜು ತೊಳೆಯುವ ದ್ರವ ಕೂಡ ಲೆಕ್ಕಕ್ಕೆ ಬರುತ್ತೆ. ಗಾಡಿಯನ್ನು ಬರೀ ನೀರಲ್ಲಿ ತೊಳೆದು, ಬಾಗಿಲು ತೆರೆದಿಟ್ಟು ನಾಲ್ಕು ದಿನ ಬಿಸಿಲಿಗೆ ಬಿಡಲಿ. ಹೋಸ್‌ಗಳನ್ನೂ ಟ್ಯಾಂಕ್ ಮುಚ್ಚಳದ ರಬ್ಬರನ್ನೂ ಬದಲಿಸಲಿ.

ಹಳೇ_ಹುಚ್ಚ · 28 ಜುಲೈ

ಪಾಸ್. 1.6 ಗ್ರಾಂ. ಸರ್ಟಿಫಿಕೇಟ್ ಕೈಲಿದೆ. ಕಾವ್ಯ ಅವರಿಗೆ ಒಂದು ಹೋಳಿಗೆ ಊಟ ಬಾಕಿ.

ಧಾರವಾಡ_ಡ್ರಿಫ್ಟ್ · 28 ಜುಲೈ

ಭಾರಿ ಆತು ನೋಡ್ರಿ! ಆದ್ರೂ ನಾ ಅಂತೀನಿ, ಇನ್ನೊಂದ್ವರ್ಷ ಕಾದಿದ್ರ ಈ ಖರ್ಚು ಉಳೀತಿತ್ತು. ಎಸ್‌ಬಿ 712 ಸೆನೆಟ್ ದಾಟೇತಿ. ಹಳೇ ಗಾಡಿ ಹುಚ್ಚಿನ ಟಿವಿ ಹಾಸ್ಯಗಾರ ಜೇ ಲೆನೋ ಬೆನ್ನಿಗೆ ನಿಂತಾನ. 35 ವರ್ಷ ದಾಟಿದ, ಕಲೆಕ್ಟರ್ ಇನ್ಶೂರೆನ್ಸ್ ಇರೂ ಗಾಡಿಗೆ ಸ್ಮಾಗ್ ಇಲ್ಲ ಅಂತ ಮಸೂದೆ.

ಸ್ಪ್ಯಾನರ್_ಶೆಟ್ರು · 28 ಜುಲೈ

ಅದು ಎರಡು ವರ್ಷಕ್ಕೊಮ್ಮೆಯ ಸ್ಮಾಗ್ ಪರೀಕ್ಷೆಯ ವಿಷಯ. ಡೈರೆಕ್ಟ್ ಇಂಪೋರ್ಟ್ ಸರ್ಟಿಫಿಕೇಟ್ ಬೇರೆಯೇ ಅಧ್ಯಾಯ. ಮಸೂದೆ ಪಾಸಾದರೂ ಇವರ ಲ್ಯಾಬ್ ಖರ್ಚು ತಪ್ತಿರಲಿಲ್ಲ. ಮತ್ತೆ ಇಲ್ಲಿ ಹಿಂದೊಮ್ಮೆ 30 ವರ್ಷದ ಉರುಳು ವಿನಾಯಿತಿ ಇತ್ತು, ವರ್ಷವರ್ಷ ಒಂದೊಂದು ಮಾಡೆಲ್ ಹೊರಬೀಳ್ತಿತ್ತು. 2004ರಲ್ಲಿ ಕಾನೂನು ಮಾಡಿ 1975ಕ್ಕೆ ಗೂಟ ಹೊಡೆದರು. ಆ ಗೂಟ ಕೀಳಲು ಆಗಾಗ ಕೈ ಹಾಕ್ತಾರೆ, ಇನ್ನೂ ಅಲುಗಿಲ್ಲ.

ಧಾರವಾಡ_ಡ್ರಿಫ್ಟ್ · 30 ಆಗಸ್ಟ್

ಎಸ್‌ಬಿ 712 ಅಸೆಂಬ್ಲಿ ಹಣಕಾಸು ಸಮಿತಿಯೊಳಗ ಕುಂತಬಿಡ್ತು. ಶೆಟ್ರ ಬಾಯಾಗ ಏನೈತೋ ಏನೋ.

ಹಳೇ_ಹುಚ್ಚ · 14 ಸೆಪ್ಟೆಂಬರ್

ಡಿಎಂವಿ ಪುರಾಣ ಕೇಳಿ. ಕೌಂಟರಿನಲ್ಲಿದ್ದ ಹೆಂಗಸು ಗಾಡಿ ನಂಬರ್ ಟೈಪ್ ಮಾಡ್ತಾರೆ, ಕಂಪ್ಯೂಟರ್ ಒಲ್ಲೆ ಅನ್ನುತ್ತೆ. ಅವರಿಗೆ ಬೇಕಾಗಿದ್ದು 17 ಅಕ್ಷರದ ವಿಐಎನ್, ಅಂದ್ರೆ ಚಾಸಿ ನಂಬರ್. ನನ್ನದು ಬಿಎನ್‌ಆರ್32 ಅಂತ ಶುರುವಾಗಿ ಮುಂದೆ ಆರು ಅಂಕಿ, ಅಷ್ಟೇ. ಉಳಿದದ್ದು ಎಲ್ಲಿ ಅಂತ ಕೇಳಿದರು. ಜಪಾನಿನವರು ಇಷ್ಟೇ ಕೊಟ್ಟಿದ್ದು ಅಂದೆ. ಮ್ಯಾನೇಜರ್ ಬಂದು, ಹೊರಗೆ ನಡೆದು, ಗಾಡಿ ಮೈಮೇಲೆ ಕೊರೆದ ನಂಬರ್ ಸ್ವತಃ ನೋಡಿ, ಪರಿಶೀಲನೆ ಫಾರಂ ತುಂಬಿದರು. ಎರಡೂವರೆ ಗಂಟೆ. ಮಧ್ಯೆ ಒಬ್ಬ ಸೆಕ್ಯುರಿಟಿಯವನು ಬಂದು ಬಾನೆಟ್ ತೆಗೆಸಿ ಆರು ಥ್ರಾಟಲ್ ಎಣಿಸಿ ಹೋದ.

ನಂಬರ್ ಪ್ಲೇಟ್ ಸಿಕ್ತು.

ಫ್ರೀಮಾಂಟ್_ಗೌಡ · 14 ಸೆಪ್ಟೆಂಬರ್

ಶಭಾಷ್! ಇನ್ನು ಎರಡು ವರ್ಷಕ್ಕೊಮ್ಮೆ ಸ್ಮಾಗ್ ಇದ್ದೇ ಇದೆ. 1999ರವರೆಗಿನ ಗಾಡಿಗೆ ಸಾಮಾನ್ಯವಾಗಿ ರೋಲರ್ ಮೇಲೆ ಓಡಿಸ್ತಾರೆ. ನಿಂದು ನಾಲ್ಕೂ ಚಕ್ರದ್ದು ಅಂತ ಮೊದಲೇ ಹೇಳು, ನಿಲ್ಲಿಸಿಯೇ ಎರಡು ವೇಗದಲ್ಲಿ ನೋಡ್ತಾರೆ. ಹೇಳದೆ ಬಿಟ್ಟರೆ ಯಾವನೋ ಹುಡುಗ ಹಿಂದಿನ ಚಕ್ರ ಮಾತ್ರ ರೋಲರ್‌ಗೆ ಹತ್ತಿಸಿ ಗೇರ್ ಹಾಕಿಬಿಟ್ಟಾನು. ಆ ಲ್ಯಾಬ್ ಸರ್ಟಿಫಿಕೇಟಿನ ಪ್ರತಿ ಗಾಡಿಯಲ್ಲೇ ಇರಲಿ.

ಹೊಸಬ_34 · 8 ನವೆಂಬರ್

ಪೂರ್ತಿ ಓದಿದೆ, ಎಲ್ಲರಿಗೂ ಥ್ಯಾಂಕ್ಸ್. ನಾನಿರೋದು ಇರ್ವೈನ್. ಜಪಾನಿನ ಹರಾಜಿನಲ್ಲಿ 1999ರ ಆರ್34 ನೋಡಿದ್ದೀನಿ, 25 ವರ್ಷ ಆಗಿದೆ. ಏಜೆಂಟ್ ಹೇಳ್ತಿದ್ದಾನೆ, ಆರ್32 ಆದ್ರೆ ಆರ್34 ಆಗದೇ ಇರುತ್ತಾ ಅಂತ. ಬುಧವಾರ ಹರಾಜು.

ಸ್ಪ್ಯಾನರ್_ಶೆಟ್ರು · 8 ನವೆಂಬರ್

ಬುಧವಾರದ ಹರಾಜು ಬಿಟ್ಟುಬಿಡಿ. 1996ರಿಂದ ಇಲ್ಲಿನ ಕಾರುಗಳಿಗೆಲ್ಲ ಒಬಿಡಿ-2 ಕಡ್ಡಾಯ. ಹೊಗೆ ವ್ಯವಸ್ಥೆ ಕೆಟ್ಟರೆ ಗಾಡಿ ತಾನೇ ಪತ್ತೆ ಹಚ್ಚಿ ದೀಪ ಹಚ್ಚಬೇಕು. ಜಪಾನಿಗೆಂದು ಮಾಡಿದ ಗಾಡಿಯನ್ನು ಇಲ್ಲಿನ ಆ ಲೆಕ್ಕಕ್ಕೆ ತರುವುದು ಹೋಸ್ ಬದಲಿಸಿದಷ್ಟು ಸಲೀಸಲ್ಲ. ಮೊದಲು ಲ್ಯಾಬಿಗೆ ಫೋನ್ ಮಾಡಿ, ಇದೇ ಮಾಡೆಲ್, ಇದೇ ವರ್ಷ ಹೇಳಿ, ಮಾಡಿಕೊಡ್ತೇವೆ ಅಂತ ಬರಹದಲ್ಲಿ ತಗೊಳ್ಳಿ. ಏಜೆಂಟನ ಬಾಯಿಮಾತನ್ನು ಡಿಎಂವಿ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ.

ಹೊಸಬ_34 · 8 ನವೆಂಬರ್

ಹರಾಜಿನವರು ಗಾಡಿಯ ಸ್ಥಿತಿಗೆ ಕೊಟ್ಟ ಗ್ರೇಡ್ 4.5 ಸರ್... ನೋಡಿದ್ರೆ ಬಿಡೋಕೆ ಮನಸ್ಸು ಬರಲ್ಲ.

ಹಳೇ_ಹುಚ್ಚ · 8 ನವೆಂಬರ್

ಹಾಗಾದ್ರೆ ಹರಾಜಿನ ಫೋಟೋ ನೋಡೋದು ನಿಲ್ಲಿಸಿ, ಲ್ಯಾಬಿನವರು ಉತ್ತರ ಕೊಡೋ ತನಕ. ನಾನು ಶುರು ಮಾಡಿದ್ದು ಗಾಡಿ ಕೊಂಡ ಮೇಲೆ, ನೀವು ಕೊಳ್ಳೋ ಮುಂಚೆ ಕೇಳ್ತಿದ್ದೀರಿ. ನನಗಿಂತ ಆರು ತಿಂಗಳು, ಒಂದು ಟ್ರಕ್ ಬಾಡಿಗೆ, ಎರಡು ಮರುಪರೀಕ್ಷೆ ಮುಂದಿದ್ದೀರಿ.

ಅಂದಹಾಗೆ ಗೌಡ್ರೇ, ನಾಳೆ ಬೆಳಿಗ್ಗೆ ಏಳಕ್ಕೆ ಸಾರಟೋಗಾದಿಂದ ಹೈವೇ 9 ಹತ್ತಿ ಸ್ಕೈಲೈನ್ ಬುಲೆವಾರ್ಡ್. ಸ್ಕೈಲೈನಿನಲ್ಲಿ ಸ್ಕೈಲೈನ್. ಎಡಗಡೆ ಸೀಟು ಖಾಲಿ ಇದೆ.

ಫ್ರೀಮಾಂಟ್_ಗೌಡ · 8 ನವೆಂಬರ್

ಬರ್ತೀನಿ. ಡ್ರೈವ್-ಥ್ರೂಗೆ ಮಾತ್ರ ಕರ್ಕೊಂಡು ಹೋಗಬೇಡ.